ಫುಟ್‌ಬಾಲ್ ಅಭಿಮಾನಿ ಬಳಗಕ್ಕೆ ದುಡ್ಡು ಯಾರು ಕೊಡ್ತಾರೆ?

ಬೆಂಗಳೂರು ಎಫ್‌ಸಿ ಪಂದ್ಯಕ್ಕೆ ಮೈಸೂರಿನಿಂದ ನೀಲಿ ಜೆರ್ಸಿ ಹಾಕ್ಕೊಂಡು ಹೊರಡೋ ನಮ್ಮನ್ನು ಕಂಡವರೆಲ್ಲ ಕೇಳೋದು ಒಂದೇ: "ಕ್ಲಬ್ಬಿನವರು ಎಷ್ಟು ಕೊಡ್ತಾರೆ?" ಏನೂ ಕೊಡಲ್ಲ. ಟಿಕೆಟ್ಟು, ಬಸ್ ಚಾರ್ಜು, ದಾರಿಯಲ್ಲಿ ತಿನ್ನೋ ಮದ್ದೂರು ವಡೆ, ಎಲ್ಲಾ ನಮ್ಮ ಜೇಬಿಂದಲೇ. "ಹಂಗಾದ್ರೆ ಸಂಘ ಹೆಂಗೆ ಕಟ್ಟಿದ್ರಿ?" ಅನ್ನೋದು ಅದರ ಬೆನ್ನಿಗೇ ಬರುತ್ತೆ.

ನಮ್ಮ ಮೈಸೂರು, ಮಂಡ್ಯ ಕಡೆ ಸಂಘ ಅಂದರೆ ಮೊದಲು ಅಧ್ಯಕ್ಷರು, ಆಮೇಲೆ ಗೌರವಾಧ್ಯಕ್ಷರು, ಆಮೇಲೆ ಫ್ಲೆಕ್ಸ್ ತುಂಬಾ ಫೋಟೊ. ಸಿನಿಮಾ ನಟರ ಸಂಘಗಳನ್ನು ನೋಡಿಕೊಂಡೇ ಬೆಳೆದವರಲ್ವಾ ನಾವು! ಫುಟ್‌ಬಾಲಿನಲ್ಲಿ ಮೊದಲು ಬೇಕಾಗೋದು ನಿಲ್ಲೋಕೆ ಒಂದು ಜಾಗ. 2013ರಲ್ಲಿ ಕ್ಲಬ್ ಶುರುವಾದಾಗ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ವೆಸ್ಟ್ ಬ್ಲಾಕಿನಲ್ಲಿ ಒಟ್ಟಿಗೆ ನಿಂತು ಕೂಗುತ್ತಿದ್ದವರೇ 'ವೆಸ್ಟ್ ಬ್ಲಾಕ್ ಬ್ಲೂಸ್' ಅನ್ನೋ ಅಭಿಮಾನಿ ಬಳಗ ಆದರು. ತಂಡ ಕಂಠೀರವಕ್ಕೆ ಹೋದರೂ ಹೆಸರು ಬದಲಾಗಲಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಅಭಿಮಾನಿಗಳ 'ಕಾಪ್' ಕೂಡ ಒಂದು ಗ್ಯಾಲರಿಯ ಹೆಸರೇ.

ಜಾಗ ಆದಮೇಲೆ ಬೇಕಾಗೋದು ಲೆಕ್ಕ ಇಡೋನು ಒಬ್ಬ. ಎಲ್ಲರಿಂದ ಮುಂಚೆಯೇ ದುಡ್ಡು ಎತ್ತಿ, ಒಂದೇ ಸ್ಟ್ಯಾಂಡಿನಲ್ಲಿ ಟಿಕೆಟ್ ತೆಗೆದು, ಕೊನೇ ಗಳಿಗೆಯಲ್ಲಿ "ಬರಕ್ಕಾಗಲ್ಲ ಮಗಾ" ಅನ್ನೋನ ಟಿಕೆಟ್ ಇನ್ನೊಬ್ಬರಿಗೆ ದಾಟಿಸೋ ಕೆಲಸ. ಇದಕ್ಕೆ ಯಾರೂ ಚಪ್ಪಾಳೆ ಹೊಡೆಯಲ್ಲ. ಅವನು ಕೈಬಿಟ್ಟರೆ ಮುಂದಿನ ಸೀಸನ್ನಿಗೆ ಗುಂಪೇ ಇರಲ್ಲ.

ಇನ್ನು ಘೋಷಣೆ ಹೇಳಿಕೊಡೋನು. ಇಡೀ ಪಂದ್ಯ ಮೈದಾನಕ್ಕೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ನಿಂತಿರ್ತಾನೆ. ಡ್ರಮ್ಮಿನವನಿಗೆ ಕೈಸನ್ನೆ ಮಾಡ್ತಾನೆ, ಸುಸ್ತಾಗಿ ಕೂತವರನ್ನು ಬೈದು ಎಬ್ಬಿಸ್ತಾನೆ. ಗೋಲಾಯ್ತು ಅಂತ ಅವನಿಗೆ ಗೊತ್ತಾಗೋದು ನಮ್ಮ ಮುಖ ನೋಡಿ. 2016ರ ಅಕ್ಟೋಬರಿನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್ ಫೈನಲ್ ಸೇರಿದೆವಲ್ಲ, ಸುನಿಲ್ ಚೆಟ್ರಿ ಎರಡು ಗೋಲು ಹೊಡೆದ ರಾತ್ರಿ, ಅಂಥ ಪಂದ್ಯದಲ್ಲೂ ಈ ಕೆಲಸಕ್ಕೆ ನಿಂತವನ ಪಾಡು ಅಷ್ಟೇ. ಟಿಕೆಟ್ಟಿಗೆ ದುಡ್ಡು ಕೊಟ್ಟು ಆಟ ನೋಡದವನು ಅವನೊಬ್ಬನೇ.

ಬ್ಯಾನರ್ ವಿಷಯ ಚಿಕ್ಕದು. ಬಿಳಿ ಬಟ್ಟೆ, ಬಣ್ಣ, ಯಾರದ್ದಾದರೂ ಮನೆ ತಾರಸಿ. ಅಕ್ಷರ ದಪ್ಪಗಿರಲಿ, ಆಚೆ ಸ್ಟ್ಯಾಂಡಿನಿಂದ ಓದಬೇಕು.

"ಕ್ಲಬ್ಬೇ ದುಡ್ಡು ಕೊಡ್ತೀನಿ ಅಂದ್ರೆ?" ಅಂತಲೂ ಕೇಳ್ತಾರೆ. ಗೇಟಿನಲ್ಲಿ ಡ್ರಮ್ಮು, ಬ್ಯಾನರ್ ಒಳಗೆ ಬಿಡಿಸಿಕೊಟ್ಟರೆ ಸಾಕಪ್ಪ. ದುಡ್ಡು ಇಸ್ಕೊಂಡರೆ ನಾಳೆ ಟಿಕೆಟ್ ರೇಟು ಏರಿಸಿದಾಗ ಅದೇ ಸ್ಟ್ಯಾಂಡಿನಲ್ಲಿ ನಿಂತು ಅವರ ವಿರುದ್ಧ ಕೂಗೋಕೆ ಬಾಯಿ ಬರಲ್ಲ.