ಮರ ಕಡಿಸಿದ್ದಾಯಿತು, ಬೊಡ್ಡೆ ಏನು ಮಾಡ್ತೀರಿ?

ಕೊಂಬೆಗಳನ್ನೆಲ್ಲ ಇಳಿಸಿ ಮುಗಿಸಿದ ಮೇಲೆ ಮರ ಕೊಯ್ಯುವವರು, "ನೆಲಮಟ್ಟಕ್ಕೆ ಕೊಯ್ದುಬಿಡ್ಲಾ ಅಕ್ಕಾ?" ಅಂತ ಕೇಳಿದರು. ಬೇಡ, ಸೊಂಟದೆತ್ತರ ಬಿಡಿ ಅಂದೆ. ಬೊಡ್ಡೆಯನ್ನು ಬೇರುಸಮೇತ ಕೀಳುವ ಉದ್ದೇಶವಿದ್ದರೆ ನೆಲಮಟ್ಟಕ್ಕೆ ಕೊಯ್ಯಿಸಲೇಬಾರದು. ಮೇಲೆ ಉಳಿಯುವ ಆ ಮೂರಡಿ ಕಾಂಡವೇ ನಮಗೆ ಸನ್ನೆಕೋಲು. ಹಗ್ಗ ಕಟ್ಟುವುದಕ್ಕೂ, ದೂಡಿ ನೋಡಿ ಯಾವ ಕಡೆಯ ಬೇರು ಇನ್ನೂ ಬಿಟ್ಟಿಲ್ಲ ಎಂದು ತಿಳಿಯುವುದಕ್ಕೂ ಅದೇ ಬೇಕು.

ನಮ್ಮದು ಗುಲ್‌ಮೊಹರ್. ಬುಡದಲ್ಲಿ ಗಟ್ಟಿ ಅಣಬೆ ಎದ್ದಿತ್ತು, ಅಂದರೆ ಒಳಗೆ ಕೊಳೆತ ಶುರುವಾಗಿತ್ತು. ಕಾಂಪೌಂಡಿನ ಪಕ್ಕದಲ್ಲೇ ಇದ್ದ ಮರ. ಬೀಳುವವರೆಗೆ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ಆ ಜಾಗಕ್ಕೆ ಕಲ್ಲು ಹಾಸಿ ಗಾಡಿ ನಿಲ್ಲಿಸಬೇಕು ಎಂಬುದು ಮನೆಯವರ ಯೋಚನೆ. ಅಲ್ಲಿಗೆ ಅರ್ಧ ತೀರ್ಮಾನ ಆಗಿಹೋಯಿತು. ಏಕೆಂದರೆ ಬೊಡ್ಡೆಯ ಮೇಲೆ ಮಣ್ಣು ಮುಚ್ಚಿ ಕಲ್ಲು ಹಾಸಿದರೆ, ವರ್ಷಗಳ ಮೇಲೆ ಅದು ಕೊಳೆತು ಒಳಗೆ ಟೊಳ್ಳಾಗುತ್ತದೆ, ಮೇಲಿನ ಕಲ್ಲು ಕುಸಿಯುತ್ತದೆ. ಜೊತೆಗೆ ಗೆದ್ದಲಿಗೆ ಮನೆಯ ಪಕ್ಕದಲ್ಲೇ ಊಟ ಬಡಿಸಿಟ್ಟ ಹಾಗೆ. ಹುಲ್ಲೋ ಹೂಗಿಡವೋ ಬೆಳೆಸುವ ಜಾಗವಾಗಿದ್ದರೆ ನಾನು ಇಷ್ಟು ಹಟ ಮಾಡುತ್ತಿರಲಿಲ್ಲ.

ಸಲಹೆಗಳಿಗೇನು ಬರವಿಲ್ಲ. ಮಾವನವರು, "ಒಂದಿಷ್ಟು ಸೌದೆ ಪೇರಿಸಿ ಸುಟ್ಟುಬಿಟ್ಟರೆ ಆಯ್ತಲ್ಲಮ್ಮ" ಅಂದರು. "ಹಸಿ ಬೊಡ್ಡೆ ಮಾವ, ಹೊಗೆ ಬರುತ್ತೆ ಅಷ್ಟೇ" ಅಂದೆ. ಒಣಗಿದ ಬೊಡ್ಡೆ ಇನ್ನೂ ಅಪಾಯ. ಬೆಂಕಿ ಬೇರು ಹಿಡಿದು ನೆಲದೊಳಗೇ ದಿನಗಟ್ಟಲೆ ಬೂದಿ ಮುಚ್ಚಿಕೊಂಡು ಉರಿಯಬಲ್ಲದು, ಎಲ್ಲಿ ಮೇಲೇಳುತ್ತದೆ ಎಂದು ಹೇಳುವವರಿಲ್ಲ. ಇನ್ನೊಬ್ಬರು ಉಪ್ಪು ಸುರಿಯಿರಿ ಅಂದರು. ಅಡುಗೆ ಉಪ್ಪು ಬೊಡ್ಡೆಗಿಂತ ಹೆಚ್ಚಾಗಿ ಮಣ್ಣನ್ನೇ ಕೆಡಿಸುತ್ತದೆ, ಅಕ್ಕಪಕ್ಕದ ಗಿಡಗಳಿಗೂ ಅದು ಕಂಟಕ.

ಪೊಟ್ಯಾಸಿಯಂ ನೈಟ್ರೇಟ್ ಬಗ್ಗೆ ಮಾತ್ರ ಒಂದು ಮಾತು. ಇದನ್ನು ಹಾಕಿದರೆ ಬೊಡ್ಡೆ ಕರಗಿಹೋಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಅದು ಕರಗಿಸುವುದಿಲ್ಲ. ಮರವನ್ನು ತಿನ್ನುವುದು ಶಿಲೀಂಧ್ರ. ಮರದಲ್ಲಿ ಸಾರಜನಕ ತೀರಾ ಕಡಿಮೆ ಇರುವುದರಿಂದ ಶಿಲೀಂಧ್ರದ ಕೆಲಸ ನಿಧಾನ, ಈ ಪುಡಿ ಆ ಕೊರತೆ ತುಂಬುತ್ತದೆ, ಅಷ್ಟೇ. ಒಂದಿಂಚು ದಪ್ಪದ, ಎಂಟು ಹತ್ತು ಇಂಚು ಆಳದ ತೂತು ಕೊರೆದು ಪುಡಿ ತುಂಬಿ ನೀರು ಹಾಕಿ ಸದಾ ತೇವ ಇಡಬೇಕು. ಆಗಲೂ ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳೇ. ಬೊಡ್ಡೆಗೆ ಜೀವವಿದ್ದರೆ ಅದೂ ಸಾಗುವುದಿಲ್ಲ. ಬೇವು, ಹೊಂಗೆಯಂಥ ಮರಗಳು ಕಡಿದಷ್ಟೂ ಚಿಗುರುತ್ತವೆ. ತೆಂಗಿನದು ಬೇರೆ ಕತೆ, ಸುಳಿ ಹೋದರೆ ಮತ್ತೆ ಚಿಗುರುವುದಿಲ್ಲ.

ಗ್ರೈಂಡರ್ ಯಂತ್ರ ಒಳ್ಳೆಯದೇ. ಗಟ್ಟಿ ಹಲ್ಲಿನ ಚಕ್ರ ತಿರುಗಿ ಬೊಡ್ಡೆಯನ್ನು ನೆಲದಿಂದ ಅರ್ಧ ಅಡಿ, ಒಂದಡಿ ಕೆಳಗಿನವರೆಗೆ ಪುಡಿ ಮಾಡುತ್ತದೆ. ಆದರೆ ಬೇರು ಅಲ್ಲೇ ಉಳಿಯುತ್ತದೆ. ನಮ್ಮ ಓಣಿಯ ಅಗಲಕ್ಕೆ ಅದು ಒಳಗೆ ಬರುವಂತೆಯೂ ಇರಲಿಲ್ಲ.

ಸರಿ, ಹಾರೆ, ಪಿಕಾಸಿ, ಗುದ್ದಲಿ. ನಾನು, ಮಗ, ಕೂಲಿಗೆ ಬಂದ ಒಬ್ಬರು.

ಇಲ್ಲಿ ಹೇಳಲೇಬೇಕಾದ್ದು ಒಂದೇ: ಬೊಡ್ಡೆ ಕೀಳುವುದೆಂದರೆ ಮರ ಕಡಿಯುವ ಕೆಲಸವಲ್ಲ, ಮಣ್ಣು ತೆಗೆಯುವ ಕೆಲಸ. ಮಗನಿಗೆ ಕೊಡಲಿ ಎತ್ತುವ ಉತ್ಸಾಹ. ಮಣ್ಣು ಮೆತ್ತಿದ ಬೇರಿಗೆ ಕೊಡಲಿ ಹಾಕಿದರೆ ಒಳಗಿನ ಮರಳು, ಕಲ್ಲು ತಾಗಿ ಅದರ ಬಾಯಿ ಮೊಂಡಾಗುತ್ತದೆ, ಆಮೇಲೆ ಅರ ಹಿಡಿದು ಕೂರಬೇಕು. ಅದಕ್ಕೇ ಮೊದಲು ಬುಡದ ಸುತ್ತ ಎರಡಡಿ ಬಿಟ್ಟು ಗುಂಡಿ ತೆಗೆದೆವು. ಹಾರೆ ಮಣ್ಣಿಗೆ ಬಿದ್ದರೆ ಒಂದು ಸದ್ದು, ಕಲ್ಲಿಗೆ ಬಿದ್ದರೆ ಠಣ್, ಬೇರಿಗೆ ಬಿದ್ದರೆ ಮಂದವಾಗಿ ದಬ್ ಅಂದು ಕೈಗೇ ವಾಪಸ್ ಪುಟಿಯುತ್ತದೆ. ಸ್ವಲ್ಪ ಹೊತ್ತಿಗೆ ಕಣ್ಣು ಬೇಡ, ಕಿವಿಯೇ ಸಾಕಾಗುತ್ತದೆ. ಬೇರು ಸಿಕ್ಕ ಕಡೆ ಪೈಪಿನಿಂದ ನೀರು ಬಿಟ್ಟು ತೊಳೆದೆವು. ಕೆಸರು ಇಳಿದ ಮೇಲೆ ತೊಡೆ ಗಾತ್ರದ ಬೇರೊಂದು ಗೋಡೆಯ ತಳಪಾಯದವರೆಗೆ ಹೋಗಿ, ಅಲ್ಲಿ ಚಪ್ಪಟೆಯಾಗಿ ಒತ್ತಿಕೊಂಡು, ಪಕ್ಕಕ್ಕೆ ತಿರುಗಿ ಗೋಡೆಯುದ್ದಕ್ಕೂ ಹರಿದಿದ್ದು ಕಾಣಿಸಿತು. ಕಲ್ಲಿನ ಗೀರುಗಳೆಲ್ಲ ಅದರ ಸಿಪ್ಪೆಯ ಮೇಲೆ ಅಚ್ಚೊತ್ತಿದ್ದವು. ಅದನ್ನು ಎಳೆಯಬಾರದು, ಎಳೆದರೆ ಗೋಡೆಯೂ ಅಲುಗಬಹುದು. ಗರಗಸದಲ್ಲಿ ಎರಡು ಕಡೆ ಕೊಯ್ದು ಬುಡದ ಕಡೆಯದನ್ನಷ್ಟೇ ತೆಗೆದು, ಗೋಡೆ ಬದಿಯದನ್ನು ಹಾಗೇ ಬಿಟ್ಟೆವು.

ಮರ ಎಷ್ಟು ಎತ್ತರವೋ ಬೇರು ಅಷ್ಟೇ ಆಳ ಅಂತ ಹೇಳುವವರನ್ನು ನಂಬಿ ಹೆದರಬೇಡಿ. ಸಾಮಾನ್ಯವಾಗಿ ಹೆಚ್ಚಿನ ಬೇರುಗಳು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ; ಹರಡುವುದು ಅಗಲಕ್ಕೆ, ಕೊಂಬೆಗಳ ನೆರಳನ್ನೂ ದಾಟಿ. ನೀರಿನ ಪೈಪು, ಕರೆಂಟಿನ ಕೇಬಲ್ ಎಲ್ಲಿ ಹೋಗಿದೆ ಎಂದು ಮೊದಲೇ ನೋಡಿಕೊಳ್ಳಬೇಕಾದ್ದು ಇದಕ್ಕೇ.

ಸುತ್ತಲಿನ ಬೇರೆಲ್ಲ ಬಿಟ್ಟ ಮೇಲೆ ಸೊಂಟದೆತ್ತರದ ಕಾಂಡಕ್ಕೆ ಹೆಗಲು ಕೊಟ್ಟು ದೂಡಿದೆವು. ಒಂದು ಕಡೆ ವಾಲಿತು, ಇನ್ನೊಂದು ಕಡೆ ಜಗ್ಗಲಿಲ್ಲ. ವಾಲಿದಾಗ ಬುಡದಡಿ ಎದ್ದ ಸಂದಿಯಲ್ಲಿ ಹಾರೆ ತೂರಿಸಿ, ಅಡಿಗೆ ಇಳಿದಿದ್ದ ಬೇರನ್ನು ಕೊಯ್ದೆವು. ಕೊನೆಗೆ ಚೈನ್ ಪುಲ್ಲಿ ಹಾಕಿ ಎಳೆದಿದ್ದು. ಸರಪಳಿ ಬಿಗಿಯುವಾಗ ಅದರ ನೇರಕ್ಕೆ ಯಾರೂ ನಿಲ್ಲಬಾರದು. ಕಿತ್ತು ಬಂದರೆ ಕಾಲೇ ಹೋದೀತು. ಕಾರಿಗೆ ಕಟ್ಟಿ ಎಳೆಯುವ ಸಾಹಸವಂತೂ ಬೇಡವೇ ಬೇಡ.

ಇನ್ನು ಗುಂಡಿ. ಕಡಿದಾಗ ಉದುರಿದ ಚಕ್ಕೆ, ಹೊಟ್ಟು ಅದರೊಳಗೆ ಹಾಕಿ ಮುಚ್ಚಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕ ಹೀರಿಕೊಳ್ಳುತ್ತದೆ, ಆಮೇಲೆ ಕುಗ್ಗುತ್ತದೆ. ಬರೀ ಮಣ್ಣನ್ನೇ ಸ್ವಲ್ಪ ಸ್ವಲ್ಪ ಹಾಕಿ, ನೀರು ಬಿಟ್ಟು, ತುಳಿದು ತುಂಬಿದೆವು. ಮೇಲೆ ಅರ್ಧ ಅಡಿ ದಿಬ್ಬ ಬಿಟ್ಟಿದ್ದೇನೆ. ಒಂದು ಮಳೆಗಾಲ ಕಳೆದು ಅದು ಕೂರುವವರೆಗೂ ಕಲ್ಲು ಹಾಸುವಂತಿಲ್ಲ. ಮನೆಯವರು ಕಲ್ಲು ತಂದು ಗೇಟಿನ ಬಳಿ ಪೇರಿಸಿಯೂ ಆಗಿದೆ. ಇರಲಿ, ಕಾಯಲಿ.