ಫರಸಿಯ ಮೇಲೆ ಹೆಸರು ಬರೆಸಿಕೊಂಡ ಅರಸರು

ಅವ್ವನ ಕಣ್ಣಿನ ಪೊರೆ ತೆಗೆಸಿದ ವರ್ಷ, ಹರಕೆಯ ಬೆಳ್ಳಿಯ ಕಣ್ಣು ಒಪ್ಪಿಸಲೆಂದು ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಿದ್ದೆವು. ಚಂದ್ರಲಾಂಬೆಯ ದರ್ಶನವಾದ ಮೇಲೆ, 1986ರಲ್ಲಿ ಅದೇ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದದ್ದನ್ನೂ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿದ್ದನ್ನೂ, ವಿಗ್ರಹ ನಿಲ್ಲಿಸಲು ಹಿಂದೆ ಯಾರೋ ಅಕ್ಷರಗಳ ನಡುವೆಯೇ ಕುಳಿ ಕೊರೆದಿದ್ದನ್ನೂ ಹೇಳಿದೆ. "ಹಂಗಾದ್ರ ಆ ರಾಜನ್ನ ನೋಡೇ ಹೋಗೋಣ" ಎಂದಳು ಅವ್ವ.

ಅವನ ಶಿಲ್ಪವಿರುವ ಭೀಮಾ ತೀರದ ಕನಗನಹಳ್ಳಿ ಅಲ್ಲಿಂದ ದೂರವಿಲ್ಲ. ಶಾತವಾಹನರ ಕಾಲದ ಬೌದ್ಧ ಮಹಾಸ್ತೂಪಕ್ಕೆ ಸುತ್ತಲೂ ಹೊದಿಸಿದ್ದ ಕೆತ್ತನೆಯ ಚಪ್ಪಡಿಗಳು ಉತ್ಖನನದಲ್ಲಿ ಹೊರಬಂದದ್ದು 1990ರ ದಶಕದಲ್ಲಿ. ಅವ್ವ ಮೊದಲು ನೋಡಿದ್ದು ಶಿಲ್ಪವನ್ನಲ್ಲ, ಕಲ್ಲನ್ನು. "ಇದು ನಮ್ಮ ಮನ್ಯಾಗಿನ ಫರಸಿ ಇದ್ದಂಗ ಅದಲ್ಲಪ್ಪ" ಎಂದಳು. ಸುಣ್ಣದಕಲ್ಲೇ ಅದು; ನಮ್ಮ ಭಾಗದ ಮನೆಗಳ ನೆಲಕ್ಕೆ ಹಾಸುವ ಜಾತಿಯದು.

ರಾಣಿಯೊಂದಿಗೆ ನಿಂತ ಒಬ್ಬ ಅರಸ, ಅವನಿಗೆ ಛತ್ರ ಹಿಡಿದ, ಚಾಮರ ಬೀಸುವ ಪರಿಚಾರಿಕೆಯರು. ಜತೆಗೆ ಬ್ರಾಹ್ಮಿ ಲಿಪಿಯಲ್ಲಿ ಎರಡೇ ಪದ: "ರಾಯೋ ಅಸೋಕೋ". ಕೂಡಿಸುವ ಗುರುತಿನಂತಿರುವ 'ಕ' ಅಕ್ಷರವನ್ನು ತೋರಿಸಿ ನಿಧಾನವಾಗಿ ಓದಿ ಹೇಳಿದೆ. ಅಶೋಕ ಕಾಲವಾಗಿ ಶತಮಾನಗಳಾದ ಮೇಲೆ ಕೆತ್ತಿದ ಈ ರೂಪ ಅವನ ನಿಜವಾದ ಮುಖವೇ ಎಂದು ಕೇಳುವುದು ವ್ಯರ್ಥ. ಇವನು ಇಂಥವನು ಎಂದು ನೋಡುವವರಿಗೆ ತಿಳಿಯಲೇಬೇಕೆಂಬ ಆ ಶಿಲ್ಪಿಯ ಆಸ್ಥೆಯೇ ನನಗೆ ದೊಡ್ಡದು. ನಾನು ಓದಿದ ಶಾಲೆಯಲ್ಲಿ ಅಶೋಕನ ಪಾಠ ಮಾಡಿದವರು ಪಾಟಲೀಪುತ್ರ, ಕಳಿಂಗಗಳನ್ನು ಹೇಳಿದರೇ ಹೊರತು ನಮ್ಮದೇ ಜಿಲ್ಲೆಯ ಸನ್ನತಿಯ ಹೆಸರೆತ್ತಲಿಲ್ಲ. ಆ ನೋವು ಅಂದು ಮತ್ತೆ ಎದ್ದಿತು.

ಬೇರೆ ಚಪ್ಪಡಿಗಳಲ್ಲಿ ಬುದ್ಧನ ಬದಲು ಬರಿಯ ಪೀಠ, ಪಾದದ ಗುರುತು, ಸುತ್ತ ಕೈಮುಗಿದ ಭಕ್ತರು. "ಕುಂತವರು ಎಲ್ಲಿ?" ಎಂದು ಅವ್ವ ಕೇಳಿದಳು. ಬುದ್ಧನನ್ನು ಹೀಗೆ ಗುರುತುಗಳಿಂದಲೇ ತೋರಿಸುವ ಪದ್ಧತಿ ಹಿಂದೆ ಇತ್ತೆಂದೆ. ಅವಳು ಆ ಪೀಠಕ್ಕೆ ಕೈಮುಗಿದಳು.

ಶಾತವಾಹನರ ಶಾತಕರ್ಣಿ ಅರಸ ಮಹಾಚೈತ್ಯಕ್ಕೆ, ಅಂದರೆ ಈ ಸ್ತೂಪಕ್ಕೇ, ಬೆಳ್ಳಿಯ ತಾವರೆಗಳನ್ನು ಒಪ್ಪಿಸುತ್ತಿದ್ದಾನೆ ಎಂಬ ಬರಹವಿರುವ ಶಿಲ್ಪದ ಅರ್ಥ ಹೇಳಿದಾಗ ಅವಳ ಮುಖ ಅರಳಿತು.

"ಅವನೂ ಬೆಳ್ಳೀನೇ ಕೊಟ್ಟಾನೇನು?" ಎನ್ನುತ್ತ, ಹೊಸದಾಗಿ ಬೆಳಕು ಕಂಡ ಕಣ್ಣನ್ನು ಕಲ್ಲಿನ ಹತ್ತಿರಕ್ಕೆ ತಂದು ತಾವರೆಗಳನ್ನು ಹುಡುಕತೊಡಗಿದಳು.