ಚೀಟಿ ಎತ್ತಿ ಸಂವಿಧಾನ ತಿದ್ದುತ್ತಾರಾ?

ನಾನಿರುವುದು ಡಬ್ಲಿನ್‌ನಲ್ಲಿ. ಊರಿಗೆ ಬಂದಾಗ ಎಲ್ಲರೂ ಮೊದಲು ಚಳಿಯ ಬಗ್ಗೆ ವಿಚಾರಿಸುತ್ತಾರೆ. ಅದು ಮುಗಿದ ಮೇಲೆ ಇದು ಬರುತ್ತದೆ: "ಅಲ್ಲಿ ಚೀಟಿ ಎತ್ತಿ ಯಾರ್ಯಾರನ್ನೋ ಕರ್ಕೊಂಡು ಬಂದು ಸಂವಿಧಾನ ತಿದ್ದಿಸ್ತಾರಂತೆ, ಹೌದಾ?"

ಇಲ್ಲ. ಐರ್ಲೆಂಡಿನ ಸಂವಿಧಾನ 1937ರದ್ದು. ಅದರಲ್ಲಿ ಒಂದು ಸಾಲು ಬದಲಾಗಬೇಕಾದರೂ ಸಂಸತ್ತಿನ ಎರಡೂ ಸದನಗಳಲ್ಲಿ ಮಸೂದೆ ಪಾಸಾಗಬೇಕು. ಆಮೇಲೆ ದೇಶದ ಮತದಾರರು ಓಟು ಹಾಕಿ ಒಪ್ಪಬೇಕು. ಚೀಟಿ ಎತ್ತಿದ ಹಾಗೆ ಆರಿಸಿದ ಸಾಮಾನ್ಯ ಜನ ಕೂತು ಚರ್ಚಿಸುವ "ನಾಗರಿಕರ ಸಭೆ" ಅಂತ ಒಂದಿದೆ, ಆದರೆ ಅದು ಕೊಡುವುದು ಬರೀ ಸಲಹೆ. ಸರ್ಕಾರ ಬೇಕಾದರೆ ತಗೊಳ್ಳಬಹುದು, ಬೇಡದಿದ್ದರೆ ಕಪಾಟಿನಲ್ಲಿ ಇಡಬಹುದು. ನಮ್ಮ ಸಂವಿಧಾನಕ್ಕೆ ನೂರಕ್ಕಿಂತ ಜಾಸ್ತಿ ತಿದ್ದುಪಡಿ ಆಗಿವೆ. ಒಂದಕ್ಕಾದರೂ ನಿಮ್ಮ ಓಟು ಕೇಳಿದ್ದರಾ? ಸುಮ್ನೆ ಕೇಳಿದೆ.

ಧಾರವಾಡದಲ್ಲಿ ಒಂದು ಗೃಹಪ್ರವೇಶದ ಊಟ. ವಕೀಲಿ ಮಾಡಿ ರಿಟೈರಾದ ಮಾಮಾ ಪಕ್ಕದಲ್ಲಿ ಕೂತಿದ್ದರು. ಹೋಳಿಗೆ ಬರುವ ಹೊತ್ತಿಗೆ ಶುರು ಮಾಡಿದರು. "ಅಲ್ಲೋ, ನಾಳೆ ಹಾರ್ಟ್ ಆಪರೇಶನ್ ಮಾಡಾಕೂ ಚೀಟಿ ಎತ್ತತಾರೇನು ಅಲ್ಲೆ?" ಪಂಕ್ತಿಯೆಲ್ಲ ನಕ್ಕಿತು. "ನಮ್ಮ ವಿಧಾನಸಭಾದಾಗ ಕುಂತವರೆಲ್ಲ ಡಾಕ್ಟರೇನು ಮಾಮಾ?" ಅಂದೆ. ಅದಕ್ಕೂ ನಕ್ಕರು, ಸ್ವಲ್ಪ ಕಡಿಮೆ. "ಓದಿದವರ ಕೆಲಸ ಓದಿದವರು ಮಾಡಬೇಕಪಾ" ಅಂತ ಮಾಮಾ ಮಾತು ಮುಗಿಸಿ ತುಪ್ಪ ಹಾಕಿಸಿಕೊಂಡರು.

ಸರಿ, ಓದಿದವರು ಮಾಡಿದ್ದನ್ನೇ ಹೇಳುತ್ತೇನೆ. 1981-82ರಲ್ಲಿ ಐರ್ಲೆಂಡಿನಲ್ಲಿ 18 ತಿಂಗಳಲ್ಲಿ ಮೂರು ಚುನಾವಣೆ ನಡೆದವು. ಯಾವ ಸರ್ಕಾರವೂ ನಿಲ್ಲುತ್ತಿರಲಿಲ್ಲ. ಗರ್ಭಪಾತ ಮಾಡಿಸುವುದು ಅಲ್ಲಿ ಮೊದಲೇ ಅಪರಾಧ. ಅದು ಸಾಲದು, ಸಂವಿಧಾನದಲ್ಲೂ ಬರೆಯಿರಿ ಅಂತ ಕೆಲವರು ಪಟ್ಟು ಹಿಡಿದರು. ಎರಡು ದೊಡ್ಡ ಪಕ್ಷಗಳ ನಾಯಕರೂ ಓಟಿನ ಆಸೆಗೆ ಹೂಂ ಅಂದರು. ಆ ವಾಕ್ಯ ಗೊಂದಲದ್ದು ಅಂತ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ ಎಚ್ಚರಿಸಿದರೂ ಸಂಸತ್ತಿನಲ್ಲಿ ಪಾಸಾಯಿತು. 1983ರಲ್ಲಿ ಜನರೂ ಒಪ್ಪಿದರು, ಶೇ 66.9. ಹುಟ್ಟದ ಮಗುವಿಗೂ ತಾಯಿಗೂ ಬದುಕುವ ಹಕ್ಕು ಸಮ ಅನ್ನುವ ಎಂಟನೇ ತಿದ್ದುಪಡಿ ಅದು.

2012ರ ಅಕ್ಟೋಬರ್‌ನಲ್ಲಿ ಸವಿತಾ ಹಾಲಪ್ಪನವರ್ ಗಾಲ್ವೆಯ ಆಸ್ಪತ್ರೆಗೆ ಸೇರಿದರು. ಬೆಳಗಾವಿಯವರು, ದಂತವೈದ್ಯೆ, ವಯಸ್ಸು 31. 17 ವಾರದ ಬಸಿರು ನಿಲ್ಲುವುದಿಲ್ಲ ಅಂತ ಗೊತ್ತಾಗಿತ್ತು. ತೆಗೆಯಿರಿ ಅಂತ ಕೇಳಿಕೊಂಡರು. ಮಗುವಿನ ಎದೆಬಡಿತ ಇದೆ, ಆಗುವುದಿಲ್ಲ ಅಂದರು. ಸೋಂಕು ರಕ್ತಕ್ಕೆ ಏರಿ 28ರಂದು ತೀರಿಕೊಂಡರು. ಚಿಕಿತ್ಸೆಯಲ್ಲೂ ಲೋಪ ಇತ್ತು ಅಂತ ತನಿಖೆ ಹೇಳಿತು. ಆದರೆ ವೈದ್ಯರ ಕೈ ಕಟ್ಟಿದ್ದ ಆ ವಾಕ್ಯ ಓದಿದವರು ಬರೆದದ್ದೇ.

ಧಾರವಾಡಕ್ಕೆ ಬೆಳಗಾವಿ ಎಷ್ಟು ದೂರ? ಮಾಮಾ ಸವಿತಾ ಬಗ್ಗೆ ಕೇಳಲಿಲ್ಲ, ಚೀಟಿ ಬಗ್ಗೆ ಕೇಳಿದರು. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಮುಟ್ಟಿದರೆ ಓಟು ಹೋಗುತ್ತದೆ ಅಂತ ರಾಜಕಾರಣಿಗಳು ಹೆದರುತ್ತಿದ್ದ ವಿಷಯ ಈ ಎಂಟನೇ ತಿದ್ದುಪಡಿ. 2016ರಲ್ಲಿ ನಾಗರಿಕರ ಸಭೆಗೆ ಒಪ್ಪಿಸಿದರು. 99 ಜನ ಸಾಮಾನ್ಯರು, ಅಧ್ಯಕ್ಷೆಯಾಗಿ ನ್ಯಾಯಮೂರ್ತಿ ಮೇರಿ ಲಫಾಯ್. ವಯಸ್ಸು, ಗಂಡು-ಹೆಣ್ಣು, ಪ್ರದೇಶ, ವರ್ಗ ಎಲ್ಲ ನೋಡಿ ಆರಿಸಿದ್ದು. ಸಂಬಳ ಇಲ್ಲ. ಡಬ್ಲಿನ್ ಪಕ್ಕದ ಮಾಲಹೈಡ್‌ನ ಹೋಟೆಲೊಂದರಲ್ಲಿ ಐದು ವಾರಾಂತ್ಯ ಕೂತು ವೈದ್ಯರು, ವಕೀಲರು, ಪರ-ವಿರೋಧದ ಗುಂಪುಗಳು ಹೇಳಿದ್ದನ್ನು ಕೇಳಿದರು. ಆರು ಹೆಂಗಸರು ತಮ್ಮ ಕಥೆ ಹೇಳಿದ ರೆಕಾರ್ಡಿಂಗ್ ಕೇಳಿದರು. 12 ಸಾವಿರಕ್ಕೂ ಜಾಸ್ತಿ ಅಹವಾಲು ಬಂದಿದ್ದವು. ಕೊನೆಗೆ ಶೇ 87ರಷ್ಟು ಸದಸ್ಯರು ಈ ವಾಕ್ಯ ಹೀಗೇ ಇರಬಾರದು ಅಂದರು. ಸಂಸತ್ತಿನ ಸಮಿತಿ ಅದನ್ನು ಮತ್ತೆ ಜಾಲಾಡಿತು. 2018ರ ಮೇ 25ರಂದು ಜನ ಎಂಟನೇ ತಿದ್ದುಪಡಿ ತೆಗೆದುಹಾಕಿದರು, ಶೇ 66.4. ಹಾಕಿದ್ದೂ ಮೂರರಲ್ಲಿ ಎರಡು ಪಾಲು ಜನ, ತೆಗೆದದ್ದೂ ಅಷ್ಟೇ. ಈ ಸಲ ಸರ್ಕಾರ ಅಲುಗಾಡಲಿಲ್ಲ.

ಎಲ್ಲ ಚೊಕ್ಕ ಅಂತ ನಾನು ಹೇಳುತ್ತಿಲ್ಲ. ಗರ್ಭಪಾತದ ಚರ್ಚೆ ಮುಗಿದ ಮೇಲೆ ಸಭೆಗೆ ಹೊಸದಾಗಿ ಸೇರಿದ ಏಳು ಮಂದಿ ನಿಯಮದ ಪ್ರಕಾರ ಆರಿಸಿ ಬಂದವರಲ್ಲ, ಪರಿಚಯದ ಮೇಲೆ ಬಂದವರು ಅಂತ ಗೊತ್ತಾಯಿತು. ವಶೀಲಿ ಅಲ್ಲಿಯೂ ಇದೆ, ಮಾಮಾ.

ಆದರೆ ನಿಜವಾಗಿ ಕೇಳಬೇಕಾದದ್ದು ಬೇರೆ. ಆ 99 ಮಂದಿಗೆ ಪ್ರಶ್ನೆ ಕೊಡುವವರು ಯಾರು? ಅವರ ಉತ್ತರವನ್ನು ತಿದ್ದುಪಡಿಯ ವಾಕ್ಯ ಮಾಡುವವರು ಯಾರು? ಎರಡೂ ರಾಜಕಾರಣಿಗಳೇ. ಇದನ್ನು ಯಾರೂ ಕೇಳುವುದಿಲ್ಲ.

ಹೆಣ್ಣಿನ ಜಾಗ ಮನೆ ಅನ್ನುವ ಧಾಟಿಯ ಒಂದು ವಿಧಿ ಅಲ್ಲಿನ ಸಂವಿಧಾನದಲ್ಲಿ ಈಗಲೂ ಇದೆ. ಅದನ್ನು ತೆಗೆದು, ಮನೆಯಲ್ಲೂ ಹೊರಗೂ ಆರೈಕೆ ಮಾಡುವವರಿಗೆ ನೆರವಾಗಲು ಸರ್ಕಾರ ತಕ್ಕ ಕ್ರಮ ಕೈಗೊಳ್ಳಲೇಬೇಕು ಅಂತ ಬರೆಯಿರಿ ಅಂದಿತ್ತು ಇನ್ನೊಂದು ನಾಗರಿಕರ ಸಭೆ. ಸರ್ಕಾರ ಬರೆದದ್ದು ಮನೆಯವರು ಒಬ್ಬರಿಗೊಬ್ಬರು ಮಾಡುವ ಆರೈಕೆಗೆ ಮಾತ್ರ, ಅದೂ ನೆರವಾಗಲು "ಶ್ರಮಿಸುತ್ತದೆ" ಅಂತ. 2024ರ ಮಾರ್ಚ್ 8ರಂದು ಶೇ 73.9 ಜನ ಬೇಡ ಅಂದರು. ಅಲ್ಲಿನ ಯಾವ ಜನಮತಕ್ಕೂ ಅಷ್ಟು "ಬೇಡ" ಬಿದ್ದಿರಲಿಲ್ಲ. ಆ ಹೊತ್ತಿಗೆ ನಾನೂ ಹೆಂಡತಿಯೂ ಅಲ್ಲಿನ ಪೌರರಾಗಿದ್ದೆವು. ಇಷ್ಟು ಜಾಳು ವಾಕ್ಯ ಬೇಡ ಅಂತ ನಾನು ಹಾಕಿದೆ. ಇಷ್ಟಾದರೂ ಬರಲಿ, ಹಳೇದಂತೂ ಹೋಗುತ್ತಲ್ಲ ಅಂತ ಅವಳು ಹಾಕಿದಳು. ಅಡುಗೆಮನೆಯಲ್ಲಿ ಆ ವಾದ ಇನ್ನೂ ನಡೆದಿದೆ. ಸದ್ಯಕ್ಕೆ ಅವಳದೇ ಮೇಲುಗೈ.